ಏರಲಿ, ಇಳಿಯಲಿ, ಅಲುಗದಿರಲಿ

ಲೇಸರ್ ಕಟರ್ ಕಟ್ಟಲು ಹೊರಟವರ ಮಾತು ಸಾಮಾನ್ಯವಾಗಿ ಟ್ಯೂಬಿನಿಂದ ಶುರುವಾಗುತ್ತದೆ. ನಲವತ್ತು ವಾಟೋ ಅರವತ್ತೋ, ಲೆನ್ಸ್ ಎಲ್ಲಿ ಸಿಗುತ್ತದೆ, ಕಂಟ್ರೋಲರ್ ಯಾವುದು ಒಳ್ಳೆಯದು. ಕತ್ತರಿಸುವ ವಸ್ತುವನ್ನಿಡುವ ಬೆಡ್ಡಿನ ಸರದಿ ಬರುವ ಹೊತ್ತಿಗೆ ದುಡ್ಡೂ ಕರಗಿರುತ್ತದೆ, ತಾಳ್ಮೆಯೂ ಕರಗಿರುತ್ತದೆ. ಮಿಕ್ಕ ಅಲ್ಯೂಮಿನಿಯಂ ತುಂಡುಗಳಲ್ಲಿ ಒಂದು ಚೌಕಟ್ಟು ಮಾಡಿ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಕೊಟ್ಟು, ಕಂಡ ಬೋಲ್ಟನ್ನೆಲ್ಲ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಆಮೇಲೆ ನೋಡಿದರೆ ಎಡಮೂಲೆಯಲ್ಲಿ ಸಲೀಸಾಗಿ ತುಂಡಾಗುವ 3 ಮಿ.ಮೀ. ಎಂಡಿಎಫ್ ಬಲಮೂಲೆಯಲ್ಲಿ ಅರ್ಧಂಬರ್ಧ ಕತ್ತರಿಸಿ ಕಚ್ಚಿಕೊಂಡಿರುತ್ತದೆ. ಕನ್ನಡಿಗಳ ಹೊಂದಾಣಿಕೆ ತಪ್ಪಿದರೂ ಹೀಗಾಗುವುದುಂಟು. ಆದರೆ ಕಿರಣ ನಾಲ್ಕೂ ಮೂಲೆಯಲ್ಲಿ ಲೆನ್ಸಿನ ನಡುವಿಗೇ ಬೀಳುತ್ತಿದೆ ಎಂದು ಖಚಿತವಾದ ಮೇಲೂ ಇದೇ ಕಥೆಯಾದರೆ, ಬೈಯಬೇಕಾದದ್ದು ಟ್ಯೂಬನ್ನಲ್ಲ.

ಏರಿಳಿಯುವ ಬೆಡ್ ಅಲುಗಾಡದೆ ನಿಲ್ಲಬೇಕಾದರೆ ಎಲ್ಲವನ್ನೂ ಬಿಗಿದರೆ ಆಗದು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಕಾಗದದ ಮೇಲೆಯೇ ಆಗಿರಬೇಕು. ಎತ್ತುವವರು ಎತ್ತಲಿ, ದಾರಿ ಹಿಡಿಸುವವರು ದಾರಿ ಹಿಡಿಸಲಿ. ಒಂದೇ ಭಾಗಕ್ಕೆ ಎರಡು ಕೆಲಸ ಹೊರಿಸಿದಲ್ಲೇ ಬೆಡ್ ಜಾಮ್ ಆಗುವುದು, ವಾಲುವುದು, ನಡುಗುವುದು ಶುರು. ಈ ಲೇಖನದ ಲೆಕ್ಕಗಳಿಗೆಲ್ಲ ಒಂದು ಮಾದರಿ ಇಟ್ಟುಕೊಳ್ಳೋಣ: 600 × 400 ಮಿ.ಮೀ. ಕೆಲಸದ ಜಾಗ, 100 ಮಿ.ಮೀ. ಏರಿಳಿತ, ಬೆಡ್ಡೂ ಅದರ ಮೇಲಿನ ವಸ್ತುವೂ ಸೇರಿ 10 ಕಿಲೋ ತೂಕ. ಹತ್ತು ಕಿಲೋ ಹೆಚ್ಚಾಯಿತೆನಿಸಬಹುದು. 300 × 300 × 20 ಮಿ.ಮೀ.ನ ಒಂದು ಕಪ್ಪು ಗ್ರಾನೈಟ್ ಹಲಗೆಯೇ ಐದು ಕಿಲೋ ದಾಟುತ್ತದೆ. ಅಂಥ ಕಲ್ಲಿನ ಮೇಲೆ ಭಾವಚಿತ್ರ ಕೊರೆಸಲು ಬರುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಎಷ್ಟು ನಿಖರವಾಗಿದ್ದರೆ ಸಾಕು?

ಮನೆಯಲ್ಲಿ ಕಟ್ಟುವ ಯಂತ್ರಗಳಲ್ಲಿ ಅನೇಕವು ಗಾಜಿನ ಕೊಳವೆಯ ಕಾರ್ಬನ್ ಡೈಆಕ್ಸೈಡ್ ಲೇಸರಿನವು. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಕುಮಾರ್ ಪಟೇಲ್. ಹುಟ್ಟಿದ್ದು ಮಹಾರಾಷ್ಟ್ರದ ಬಾರಾಮತಿಯಲ್ಲಿ, ಎಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ಅವರ ಲೇಸರ್ ಹೊಮ್ಮಿಸುವ ಕಿರಣದ ತರಂಗಾಂತರ 10.6 ಮೈಕ್ರೋಮೀಟರ್. ಬೆಡ್ ಎಷ್ಟು ಸಮವಾಗಿರಬೇಕು ಎಂಬುದು ತೀರ್ಮಾನವಾಗುವುದೂ ಈ ಸಂಖ್ಯೆಯಿಂದಲೇ.

6 ಮಿ.ಮೀ. ದಪ್ಪದ ಕಿರಣವೊಂದು 50.8 ಮಿ.ಮೀ. ಫೋಕಲ್ ಉದ್ದದ, ಅಂದರೆ ಅಂಗಡಿಯವರು ಎರಡಿಂಚು ಎನ್ನುವ ಲೆನ್ಸಿನ ಮೂಲಕ ಹಾದರೆ, ಲೆಕ್ಕದ ಪ್ರಕಾರ ಸುಮಾರು 0.11 ಮಿ.ಮೀ. ಅಗಲದ ಚುಕ್ಕೆಯಾಗುತ್ತದೆ. ಆ ಬಿಂದುವಿನಿಂದ ಮೇಲಕ್ಕೋ ಕೆಳಕ್ಕೋ ಸುಮಾರು 1 ಮಿ.ಮೀ. ಸರಿದರೆ ಚುಕ್ಕೆಯ ವಿಸ್ತೀರ್ಣ ಇಮ್ಮಡಿಯಾಗುತ್ತದೆ, ಶಕ್ತಿಯ ಸಾಂದ್ರತೆ ಅರ್ಧಕ್ಕಿಳಿಯುತ್ತದೆ. ಒಂದೂವರೆ ಇಂಚಿನ ಲೆನ್ಸ್ ಹಾಕಿದರೆ ಚುಕ್ಕೆ ಇನ್ನೂ ಸಣ್ಣದು, ಆದರೆ ಆ ಅಂತರ ಅರ್ಧ ಮಿಲಿಮೀಟರಿಗೆ ಕುಗ್ಗುತ್ತದೆ. ನಾಲ್ಕಿಂಚಿನ ಲೆನ್ಸಿನಲ್ಲಿ ಚುಕ್ಕೆ ದೊಡ್ಡದು, ಅಂತರವೂ ಹೆಚ್ಚುಕಡಿಮೆ 4 ಮಿ.ಮೀ.ವರೆಗೆ ಹಿಗ್ಗುತ್ತದೆ. ಇವೆಲ್ಲ ಆದರ್ಶ ಕಿರಣದ ಲೆಕ್ಕ. ಮನೆಯ ಟ್ಯೂಬಿನಲ್ಲಿ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ.

ಹಾಗಾದರೆ ಎರಡಿಂಚಿನ ಲೆನ್ಸಿಗೆ 1 ಮಿ.ಮೀ. ಸಲಿಗೆ ಇದೆಯಲ್ಲ ಎಂದು ಅದನ್ನು ಪೂರ್ತಿ ಬೆಡ್ಡಿಗೇ ಖರ್ಚು ಮಾಡುವಂತಿಲ್ಲ. ಪ್ಲೈವುಡ್ಡೂ ಎಂಡಿಎಫ್ಫೂ ತಾವಾಗಿಯೇ ಡೊಂಕಾಗುತ್ತವೆ. ಮಳೆಗಾಲದಲ್ಲಿ ಮಂಗಳೂರಿನ ಅಥವಾ ಶಿರಸಿಯ ಗೋದಾಮಿನಿಂದ ತಂದ ಹಲಗೆ ನಡುವೆ ಉಬ್ಬಿಯೇ ಬಂದಿರುತ್ತದೆ. ಆ ಉಬ್ಬಿಗೆ ಅರ್ಧ ಪಾಲು ಬಿಟ್ಟು, ಬೆಡ್ಡಿನ ತಪ್ಪು ಒಂದು ಮೂಲೆಯಿಂದ ಇನ್ನೊಂದಕ್ಕೆ 0.3 ಮಿ.ಮೀ. ಮೀರಬಾರದು ಎಂದು ಗುರಿ ಇಟ್ಟುಕೊಳ್ಳುವುದು ಒಳ್ಳೆಯದು. ಇದು ವಾಚು ರಿಪೇರಿಯವನ ನಿಖರತೆ ಬೇಡುವ ಕೆಲಸವಲ್ಲ. ಆದರೆ ಇಂದು ಹೊಂದಿಸಿದ್ದು ನಾಳೆಯೂ, ನೂರು ಸಲ ಏರಿಳಿದ ಮೇಲೂ ಹಾಗೆಯೇ ಇರಬೇಕು. ಕಷ್ಟ ಇರುವುದು ಇದರಲ್ಲಿ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ನೀವು ಕತ್ತರಿಸುವುದು 3 ಮಿ.ಮೀ., 5 ಮಿ.ಮೀ. ಹಲಗೆ ಮಾತ್ರ ಎಂದಾದರೆ ಈ ಸಾಹಸವೇ ಬೇಡ. ಸ್ಥಿರವಾದ ಬೆಡ್ ಮಾಡಿ, ಲೆನ್ಸಿನ ಕೊಳವೆಯನ್ನು ಹತ್ತಿಪ್ಪತ್ತು ಮಿಲಿಮೀಟರ್ ಜಾರಿಸುವ ಏರ್ಪಾಡು ಇಟ್ಟುಕೊಂಡರೆ ಸಾಕು. ಡಬ್ಬಿ, ಮರದ ಪೆಟ್ಟಿಗೆ, ಕಲ್ಲು, ಲೋಟ ತಿರುಗಿಸುವ ರೋಟರಿ ಇವೆಲ್ಲ ಒಳಗೆ ಹೋಗಬೇಕೆಂದರೆ ಮಾತ್ರ ಬೆಡ್ ಇಳಿಯಬೇಕು.

ಮೂರೋ ನಾಲ್ಕೋ?

ಮೂರು ಕಲ್ಲಿನ ಒಲೆಯ ಮೇಲೆ ಮಡಕೆ ಯಾವತ್ತೂ ಕುಣಿಯುವುದಿಲ್ಲ. ನಾಲ್ಕನೆಯ ಕಲ್ಲು ಇಟ್ಟು ನೋಡಿ, ಅವುಗಳಲ್ಲೊಂದು ಸುಮ್ಮನೆ ನಿಂತಿರುತ್ತದೆ. ಮೂರು ಬಿಂದುಗಳ ಮೇಲೆ ಸಮತಲ ತಾನಾಗಿ ಕೂರುತ್ತದೆ. ನಾಲ್ಕನೆಯದು ಆ ಸಮತಲಕ್ಕೆ ಸರಿಯಾಗಿ ಬಂದರೆ ಅದೃಷ್ಟ, ಬಾರದಿದ್ದರೆ ಚೌಕಟ್ಟು ತಿರುಚಿಕೊಳ್ಳಬೇಕು. ಹೀಗೆ ಬೇಕಾದಷ್ಟೇ ಆಸರೆ ಕೊಟ್ಟು ಹೆಚ್ಚಿನದನ್ನು ತೆಗೆಯುವ ವಿದ್ಯೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಮ್ಯಾಕ್ಸ್‌ವೆಲ್ ಮತ್ತು ಕೆಲ್ವಿನ್ ತಮ್ಮ ಉಪಕರಣಗಳಲ್ಲಿ ಬಳಸಿದ್ದರು.

ಆದ್ದರಿಂದ 600 × 400ರ ಅಳತೆಗೆ ನನ್ನ ಮತ ಮೂರು ಸ್ಕ್ರೂಗಳಿಗೆ. ನಾಲ್ಕು ಮೂಲೆಗೆ ನಾಲ್ಕು ಎಂಬುದು ಕಣ್ಣಿಗೆ ಚೆಂದ. ಮಟ್ಟ ಮಾಡಲು ಕೂತಾಗ ಒಂದು ಮೂಲೆ ಎತ್ತಿದರೆ ಪಕ್ಕದ್ದು ಇಳಿಯುತ್ತದೆ, ಅದನ್ನು ಎತ್ತಿದರೆ ಎದುರಿನದು ಏರುತ್ತದೆ. ಮೂರಿದ್ದರೆ ಈ ಜಂಜಾಟವಿಲ್ಲ. 900 × 600ಕ್ಕಿಂತ ದೊಡ್ಡ ಬೆಡ್ಡಿಗೆ ನಾಲ್ಕು ಬೇಕಾಗುತ್ತದೆ. ಆಗ ಚೌಕಟ್ಟು ತುಸು ತಿರುಚಿಕೊಳ್ಳುವಷ್ಟು ಮೆತ್ತಗಿರಲಿ. ಮೂಲೆಗಳಿಗೆಲ್ಲ ದಪ್ಪ ತ್ರಿಕೋನ ಪ್ಲೇಟ್ ಬಡಿದು ಕಲ್ಲಿನಂತೆ ಮಾಡಿದರೆ ನಾಲ್ಕನೆಯ ಸ್ಕ್ರೂ ಬೆಡ್ಡಿನ ಜತೆ ಜಗಳಕ್ಕೆ ನಿಲ್ಲುತ್ತದೆ.

ಸ್ಕ್ರೂಗಳನ್ನು ಎಲ್ಲಿ ನಿಲ್ಲಿಸಬೇಕು? ಇಲ್ಲಿ ನೆನಪಿಡಬೇಕಾದ ಸಂಗತಿ, ಬೆಡ್ ಇಳಿದಾಗ ಸ್ಕ್ರೂಗಳ ತುದಿ ಬೆಡ್ಡಿಗಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅವು ಕೆಲಸದ ಜಾಗದ ಹೊರಗೇ ಇರಬೇಕು. ಮುಂದಿನ ಬಾಗಿಲಿನಿಂದ ಉದ್ದನೆಯ ಹಲಗೆ ತೂರಿಸುವ ಆಸೆಯಿದ್ದರೆ ಮುಂಭಾಗವನ್ನೂ ಹಿಂಭಾಗವನ್ನೂ ಖಾಲಿ ಬಿಟ್ಟು, ಎಡಗಡೆ ಎರಡು, ಬಲಗಡೆ ನಡುವಿಗೊಂದು ಕೊಡಿ. ಎಡಗಡೆಯ ಎರಡನ್ನು ತೀರಾ ತುದಿಗೆ ತಳ್ಳಬೇಡಿ. ಸಮನಾಗಿ ಭಾರ ಹೊತ್ತ ತೊಲೆಯನ್ನು ಎರಡೂ ತುದಿಗಳಲ್ಲಿ ಹಿಡಿಯುವ ಬದಲು ತುದಿಯಿಂದ ಉದ್ದದ ಸುಮಾರು ಶೇಕಡಾ 22ರಷ್ಟು ಒಳಗೆ ಹಿಡಿದರೆ ಅದರ ಜೋಲು ಹತ್ತಾರು ಪಟ್ಟು ಕಡಿಮೆಯಾಗುತ್ತದೆ. 400 ಮಿ.ಮೀ. ಉದ್ದದ ಪಕ್ಕದ ರೈಲಿಗೆ ಇದು ಸುಮಾರು 90 ಮಿ.ಮೀ. ಒಳಗೆ ಎಂದಾಯಿತು.

ಚೌಕಟ್ಟಿಗೆ ಎಲ್ಲರೂ ತರುವುದು 2020 ಅಲ್ಯೂಮಿನಿಯಂ ಪ್ರೊಫೈಲ್. 600 ಮಿ.ಮೀ. ಉದ್ದದ ಒಂದು ತುಂಡು ಎರಡು ತುದಿಯಲ್ಲಿ ಆಸರೆ ಪಡೆದು 5 ಕಿಲೋ ಭಾರವನ್ನು ಹಂಚಿಕೊಂಡು ಹೊತ್ತರೆ ನಡುವೆ ಸುಮಾರು 0.3 ಮಿ.ಮೀ. ಜೋಲುತ್ತದೆ. ನಮ್ಮ ಇಡೀ ಸಲಿಗೆ ಅಲ್ಲಿಗೇ ಮುಗಿಯಿತು! 2040 ಪ್ರೊಫೈಲನ್ನು ನಿಲ್ಲಿಸಿ ಬಳಸಿದರೆ ಬಿಗುವು ಆರೇಳು ಪಟ್ಟು ಹೆಚ್ಚುತ್ತದೆ, ಜೋಲು ಲೆಕ್ಕಕ್ಕೆ ಸಿಗದಷ್ಟಾಗುತ್ತದೆ. ತೂಕ ಎರಡು ಪಟ್ಟಾಗುವುದಕ್ಕೆ ಇದು ಒಳ್ಳೆಯ ವ್ಯಾಪಾರ. ಮಲಗಿಸಿ ಬಳಸಿದರೆ ಮಾತ್ರ ಈ ಲಾಭ ಸಿಗುವುದಿಲ್ಲ. ಇದನ್ನು ಬರೆಯಬೇಕಾದ್ದಿಲ್ಲ ಎನಿಸಬಹುದು, ಆದರೆ ಮಲಗಿಸಿದ 2040ಗಳನ್ನು ಎಷ್ಟೋ ಯಂತ್ರಗಳಲ್ಲಿ ನೋಡಬಹುದು.

ಸ್ಕ್ರೂ ಎತ್ತಲಿ, ಅಷ್ಟೇ

ಪೇಟೆಯಲ್ಲಿ ಸುಲಭವಾಗಿ ಸಿಗುವುದು ಟಿ8 ಲೀಡ್ ಸ್ಕ್ರೂ, 8 ಮಿ.ಮೀ. ದಪ್ಪದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೆ ಅಂಗಡಿಯವರು ಬಹುಶಃ ಒಂದು ಸುತ್ತಿಗೆ 8 ಮಿ.ಮೀ. ಏರುವುದನ್ನೇ ಕೈಗಿಡುತ್ತಾರೆ, ಯಾಕೆಂದರೆ ತ್ರೀಡಿ ಪ್ರಿಂಟರಿನವರು ಕೇಳುವುದು ಅದನ್ನೇ. ನಿಮಗೆ ಬೇಕಾದದ್ದು ಒಂದು ಸುತ್ತಿಗೆ 2 ಮಿ.ಮೀ. ಏರುವ, ಅಂದರೆ 2 ಮಿ.ಮೀ. ಲೀಡಿನ, ಒಂದೇ ಎಳೆಯ ಸ್ಕ್ರೂ. ಕಣ್ಣಳತೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಟ್ ಹಾಕಿ ಒಂದು ಸುತ್ತು ತಿರುಗಿಸಿ ಅಳೆದು ಕೊಳ್ಳಿ.

ಕಾರಣ ಇಷ್ಟೆ. 2 ಮಿ.ಮೀ. ಲೀಡಿನಲ್ಲಿ ಎಳೆಯ ಓರೆ ಸುಮಾರು 5 ಡಿಗ್ರಿ. ಹಿತ್ತಾಳೆ ನಟ್ ಮತ್ತು ಉಕ್ಕಿನ ನಡುವಿನ ಘರ್ಷಣೆ ಸಾಮಾನ್ಯವಾಗಿ 8ರಿಂದ 11 ಡಿಗ್ರಿವರೆಗಿನ ಓರೆಯನ್ನು ತಡೆದು ನಿಲ್ಲಿಸಬಲ್ಲದು. ಹಾಗಾಗಿ ಕರೆಂಟ್ ಹೋದರೂ ಬೆಡ್ ಇದ್ದಲ್ಲೇ ಇರುತ್ತದೆ. 8 ಮಿ.ಮೀ. ಲೀಡಿನಲ್ಲಿ ಓರೆ 20 ಡಿಗ್ರಿ. ಮೋಟರಿನ ಹಿಡಿತ ತಪ್ಪಿದ ಕೂಡಲೇ ಕಲ್ಲಿಟ್ಟ ಬೆಡ್ ಮೆಲ್ಲಗೆ ಜಾರುತ್ತದೆ. ಬೆಸ್ಕಾಂ, ಹೆಸ್ಕಾಂ ಯಾರ ಊರಿನಲ್ಲೇ ಇರಲಿ, ಸಂಜೆ ಕೆಲಸ ಮಾಡುವವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಬೆಲೆ ತೆರುವುದು ವೇಗದಲ್ಲಿ ಮತ್ತು ಘರ್ಷಣೆಯಲ್ಲಿ. ಎತ್ತಲು ಕೊಟ್ಟ ಶ್ರಮದಲ್ಲಿ ಕೆಲಸಕ್ಕೆ ಬರುವುದು ಮೂರನೆಯ ಒಂದು ಪಾಲಿಗಿಂತ ಕಡಿಮೆ. ಆದರೂ ಮೂರು ಸ್ಕ್ರೂಗಳನ್ನು ಒಂದೇ ಬೆಲ್ಟಿನಿಂದ ತಿರುಗಿಸಿ 10 ಕಿಲೋ ಎತ್ತಲು ಸುಮಾರು 0.1 ನ್ಯೂಟನ್ ಮೀಟರ್ ತಿರುಚುಬಲ ಸಾಕು. 0.4 ನ್ಯೂಟನ್ ಮೀಟರಿನ ಸಾಮಾನ್ಯ ನೆಮಾ 17 ಸ್ಟೆಪ್ಪರ್ ಇದನ್ನು ಆರಾಮವಾಗಿ ಮಾಡುತ್ತದೆ. ನಿಜ ಹೇಳಬೇಕೆಂದರೆ ಮೋಟರ್ ಒಂದು ಶೋಕಿ. ಕೈಚಕ್ರ ಒಂದು ಸುತ್ತಿಗೆ 2 ಮಿ.ಮೀ. ಎತ್ತುತ್ತದೆ, ಅರ್ಧ ಸುತ್ತಿಗೆ ಒಂದು ಮಿಲಿಮೀಟರ್. ಲೆಕ್ಕ ಬಾಯಲ್ಲೇ ಬರುತ್ತದೆ. ಮೊದಲು ಕೈಚಕ್ರದಲ್ಲಿ ಓಡಿಸಿ ನೋಡಿ. ಬೆಡ್ ಎಲ್ಲಿ ಬಿಗಿಯುತ್ತದೆ, ಎಲ್ಲಿ ಹಗುರಾಗುತ್ತದೆ ಎಂಬುದನ್ನು ಬೆರಳು ಹೇಳಿದಷ್ಟು ಚೆನ್ನಾಗಿ ಯಾವ ಮೋಟರೂ ಹೇಳುವುದಿಲ್ಲ.

ಸ್ಕ್ರೂ ನಿಲ್ಲುವ ಬುಡ ಮುಖ್ಯ. ಭಾರವೆಲ್ಲ ಕೆಳಗಿನ ಬೇರಿಂಗಿಗೆ ಇಳಿಯಬೇಕು. 8 ಮಿ.ಮೀ. ಒಳವ್ಯಾಸದ ಫ್ಲೇಂಜ್ ಬೇರಿಂಗ್ ಹಾಕಿ, ಅದರ ಮೇಲೆ ಥ್ರಸ್ಟ್ ಬೇರಿಂಗ್ ಇಟ್ಟು, ಸ್ಕ್ರೂವಿಗೆ ಒಂದು ಕಾಲರ್ ಬಿಗಿದು ಅದು ಥ್ರಸ್ಟ್ ಬೇರಿಂಗಿನ ಮೇಲೆ ಕೂರುವಂತೆ ಮಾಡಿ. ಬೆಲ್ಟ್ ಹಿಡಿಯುವ ಪುಲ್ಲಿಯ ಸಣ್ಣ ಗ್ರಬ್ ಸ್ಕ್ರೂ ಮೇಲೆ ಬೆಡ್ಡಿನ ಭಾರ ಕೂರಿಸಿದರೆ ಅದು ಕೆಲವೇ ದಿನಗಳಲ್ಲಿ ಜಾರಿ ಆ ಮೂಲೆ ತಗ್ಗುತ್ತದೆ. ಇನ್ನು ಸ್ಕ್ರೂವಿನ ಮೇಲ್ತುದಿ: 150 ಮಿ.ಮೀ. ಉದ್ದದ ಸ್ಕ್ರೂವಿಗೆ ಮೇಲೆ ಬೇರಿಂಗ್ ಬೇಡವೇ ಬೇಡ. ಅಗ್ಗದ ಸ್ಕ್ರೂಗಳು ನೂಲು ಹಿಡಿದಷ್ಟು ನೇರವಾಗಿರುವುದಿಲ್ಲ. ಎರಡೂ ತುದಿ ಹಿಡಿದರೆ ಆ ಡೊಂಕು ಹೊಟ್ಟೆಯಲ್ಲಿ ಉಬ್ಬುತ್ತದೆ, ಸುತ್ತು ಸುತ್ತಿಗೂ ಬೆಡ್ಡನ್ನು ಆಚೀಚೆ ತಳ್ಳುತ್ತದೆ.

ಈಗ ನಟ್. ಇದನ್ನು ಬೆಡ್ಡಿಗೆ ಬಿಗಿಯಬೇಡಿ ಎಂದರೆ ಅನೇಕರಿಗೆ ಒಪ್ಪಿಗೆಯಾಗುವುದಿಲ್ಲ. ಟಿ8 ಹಿತ್ತಾಳೆ ನಟ್ಟಿನ ಫ್ಲೇಂಜ್ 22 ಮಿ.ಮೀ. ಅಗಲ, ಮೈ ಸುಮಾರು 10 ಮಿ.ಮೀ., ಅದರಲ್ಲಿ ನಾಲ್ಕು ತೂತು. ಬೆಡ್ಡಿನ ಪ್ಲೇಟಿನಲ್ಲಿ ನಟ್ಟಿನ ಮೈ ಹೋಗಲು 12 ಮಿ.ಮೀ. ತೂತು ಹೊಡೆಯಿರಿ. ಫ್ಲೇಂಜ್ ಕೆಳಗಿರಲಿ, ಪ್ಲೇಟ್ ಅದರ ಮೇಲೆ ತನ್ನ ಭಾರದಿಂದಲೇ ಕೂರಲಿ. ಎರಡು ಎಂ3 ಬೋಲ್ಟುಗಳನ್ನು ಪ್ಲೇಟಿನ 5 ಮಿ.ಮೀ. ತೂತುಗಳ ಮೂಲಕ ಹಾಯಿಸಿ, ಬಿಗಿಯದೆ, ಲಾಕ್ ನಟ್ಟಿನಲ್ಲಿ ನಿಲ್ಲಿಸಿ. ಅವುಗಳ ಕೆಲಸ ನಟ್ ತಿರುಗದಂತೆ ತಡೆಯುವುದಷ್ಟೇ. ಈಗ ಡೊಂಕು ಸ್ಕ್ರೂ ತನ್ನ ಪಾಡಿಗೆ ಓಲಾಡಿಕೊಂಡಿರಲಿ. ನಟ್ ಅದರ ಜತೆ ಅರ್ಧ ಮಿಲಿಮೀಟರ್ ಸರಿಯುತ್ತದೆ, ಬೆಡ್ ಸರಿಯುವುದಿಲ್ಲ.

ಎಳೆಗಳ ನಡುವಿನ ಸಡಿಲವನ್ನು ತೆಗೆಯುವ ಸ್ಪ್ರಿಂಗ್ ನಟ್ ಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಬೆಡ್ಡಿನ ತೂಕವೇ ಎಳೆಯನ್ನು ಸದಾ ಒಂದೇ ಕಡೆಗೆ ಒತ್ತಿ ಹಿಡಿದಿರುತ್ತದೆ. ಕೊನೆಯ ಚಲನೆ ಯಾವಾಗಲೂ ಮೇಲ್ಮುಖವಾಗಿರಲಿ: 20 ಮಿ.ಮೀ.ಗೆ ಇಳಿಯಬೇಕಿದ್ದರೆ 22ಕ್ಕೆ ಇಳಿದು ಮತ್ತೆ 20ಕ್ಕೆ ಏರಿ ನಿಲ್ಲಿಸಿ.

ದಾರಿ ಹಿಡಿಸುವ ಕಂಬಿಗಳು

ನಟ್ಟುಗಳನ್ನು ಹೀಗೆ ಸಡಿಲ ಬಿಟ್ಟರೆ ಬೆಡ್ ಪಕ್ಕಕ್ಕೆ ತೂಗುವುದಿಲ್ಲವೇ? ತೂಗುತ್ತದೆ. ಚಿತ್ರ ಕೊರೆಯುವಾಗ ಲೆನ್ಸ್ ಹೊತ್ತ ತಲೆ ಎಡಬಲ ಓಡಿ ಪ್ರತಿ ಸಾಲಿನ ಕೊನೆಗೆ ಗಕ್ಕನೆ ತಿರುಗುತ್ತದೆ. ಆ ಹೊಡೆತ ಯಂತ್ರದ ಮೈಗೆ ಬಿದ್ದು ಬೆಡ್ಡಿಗೆ ತಲುಪುತ್ತದೆ. ಬೆಡ್ ನಡುಗಿದರೆ ಅಕ್ಷರದ ಅಂಚು ಅಲೆಅಲೆಯಾಗುತ್ತದೆ. ಇದನ್ನು ತಡೆಯುವುದು ಗೈಡ್ ಕಂಬಿಗಳ ಕೆಲಸ. ನಾಲ್ಕು ಬೇಡ, ಎರಡು ಸಾಕು. ಆ ಎರಡೂ ಒಂದೇ ಥರ ಇರಬಾರದು.

ಜಿಗ್ ಮತ್ತು ಫಿಕ್ಸ್‌ಚರ್ ಮಾಡುವ ಪೀಣ್ಯದ ಯಾವ ಹಳೆಯ ಫಿಟ್ಟರನ್ನು ಕೇಳಿದರೂ ಇದು ಗೊತ್ತು: ಒಂದು ದುಂಡು ಪಿನ್, ಇನ್ನೊಂದು ಡೈಮಂಡ್ ಪಿನ್. ದುಂಡು ಪಿನ್ ತುಂಡಿನ ಜಾಗ ಹಿಡಿಯುತ್ತದೆ, ಡೈಮಂಡ್ ಪಿನ್ ಅದು ತಿರುಗದಂತೆ ನೋಡಿಕೊಳ್ಳುತ್ತದೆ. ಇಲ್ಲೂ ಅದೇ. ಎಡಗಡೆಯ 12 ಮಿ.ಮೀ. ಕಂಬಿಗೆ ಬೆಡ್ಡಿನಲ್ಲಿ ಲೀನಿಯರ್ ಬೇರಿಂಗ್ ಗಟ್ಟಿಯಾಗಿ ಕೂರಲಿ. ಬಲಗಡೆಯ ಕಂಬಿಗೆ ಎಡಬಲ ಉದ್ದವಾದ ಸ್ಲಾಟ್ ಕೊಡಿ. ಹಿಂದೆಮುಂದೆ ಮಾತ್ರ ಅದು ಹಿಡಿಯಬೇಕು. ಡೆಲ್ರಿನ್ ಅಥವಾ ನೈಲಾನ್ ತುಂಡಿನಲ್ಲಿ ಈ ಸ್ಲಾಟ್ ಮಾಡಿಸಿದರೆ ಚೆನ್ನಾಗಿ ಜಾರುತ್ತದೆ. ಈಗ ಎರಡು ಕಂಬಿಗಳ ನಡುವಿನ ದೂರ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಬೆಡ್ ಕಚ್ಚಿಕೊಳ್ಳುವುದಿಲ್ಲ.

ಎಡಗಡೆಯ ಬೇರಿಂಗ್ ಒಂದೇ ಇರಲಿ, ಗಿಡ್ಡದಿರಲಿ. ಒಂದರ ಮೇಲೊಂದು ಎರಡು ಬೇರಿಂಗ್ ಪೇರಿಸಿದರೆ ಹೆಚ್ಚು ಸ್ಥಿರ ಎಂದು ತೋರುತ್ತದೆ. ಆದರೆ ಆಗ ಬೆಡ್ಡಿನ ಓರೆಯನ್ನೂ ಕಂಬಿಯೇ ತೀರ್ಮಾನಿಸಲು ಹೊರಡುತ್ತದೆ, ಅದೇ ಓರೆಯನ್ನು ಮೂರು ಸ್ಕ್ರೂಗಳು ಆಗಲೇ ತೀರ್ಮಾನಿಸಿರುತ್ತವೆ. ಇಬ್ಬರು ಯಜಮಾನರಾದರು.

ಬೆಡ್ಡನ್ನು ಒಂದೇ ಬದಿಯಿಂದ ಸ್ಕ್ರೂವಿನಲ್ಲಿ ಎತ್ತುವ ವಿನ್ಯಾಸಗಳೂ ಇವೆ. ಅಲ್ಲಿ ಮಾತ್ರ ಉದ್ದನೆಯ ಬೇರಿಂಗ್ ಬೇಕೇ ಬೇಕು. ಭಾರದ ನಡು ಕಂಬಿಯಿಂದ ಎಷ್ಟು ದೂರವಿದೆಯೋ ಅದರ ಅರ್ಧದಷ್ಟಾದರೂ ಅಂತರ ಎರಡು ಬೇರಿಂಗುಗಳ ನಡುವೆ ಇರಬೇಕೆಂಬುದು ಕಾರ್ಖಾನೆಗಳ ರೂಢಿಯ ನಿಯಮ. 600 ಮಿ.ಮೀ. ಅಗಲದ ಬೆಡ್ಡಿಗೆ 150 ಮಿ.ಮೀ. ಅಂತರ ಎಂದಾಯಿತು, ಅಷ್ಟು ಎತ್ತರ ಮನೆಯ ಯಂತ್ರದಲ್ಲಿ ದಂಡ. ಕೆ40 ಎಂಬ ಹೆಸರಿನ ಚಿಕ್ಕ ಲೇಸರ್ ಯಂತ್ರದ ಗಾತ್ರದ ಪೆಟ್ಟಿಗೆಗಾದರೆ ಸರಿ.

ಜೋಡಿಸುವ ಕ್ರಮವೂ ಸ್ಥಿರತೆಯ ಭಾಗವೇ. ಕಂಬಿಗಳನ್ನು ಹಿಡಿಯುವ ಮೇಲಿನ ಮತ್ತು ಕೆಳಗಿನ ಪ್ಲೇಟುಗಳನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲಕ್ಕೆ ತೂತು ಹೊಡೆಯಿರಿ. ಮೊದಲು ಎಲ್ಲ ಸಡಿಲ ಬಿಡಿ. ಬೆಡ್ಡನ್ನು ತಳಕ್ಕೆ ಇಳಿಸಿ ಕಂಬಿಗಳ ಕೆಳಗಿನ ಬೋಲ್ಟ್ ಬಿಗಿಯಿರಿ, ತುದಿಗೆ ಏರಿಸಿ ಮೇಲಿನದನ್ನು ಬಿಗಿಯಿರಿ.

ಬೆಲ್ಟ್ ಮತ್ತು ಅದರ ಗಂಟಿನ ಲೆಕ್ಕ

ಮೂರು ಸ್ಕ್ರೂಗಳ ಬುಡಕ್ಕೆ 20 ಹಲ್ಲಿನ ಜಿಟಿ2 ಪುಲ್ಲಿಗಳು, ಅವನ್ನೆಲ್ಲ ಸುತ್ತುವ ಒಂದೇ ಬೆಲ್ಟ್, ಬಿಗಿ ಮಾಡಲು ಸ್ಲಾಟಿನಲ್ಲಿ ಸರಿಯುವ ಒಂದು ಐಡ್ಲರ್. ಇಲ್ಲಿ ಎದುರಾಗುವ ತಾಪತ್ರಯ ಬೆಲ್ಟಿನ ಉದ್ದದ್ದು. ಮುಚ್ಚಿದ ಸುತ್ತಿನ ಬೆಲ್ಟ್ ಬೇಕಾದ ಉದ್ದಕ್ಕೆ ಸಿಗುವುದಿಲ್ಲ. ಸಿಗುವ ಉದ್ದಕ್ಕೆ ನೀವು ಪುಲ್ಲಿಗಳ ಜಾಗ ಹೊಂದಿಸಬೇಕು. ಬೇಸತ್ತವರು ಮೀಟರ್ ಲೆಕ್ಕದ ಬಿಡಿ ಬೆಲ್ಟ್ ತಂದು ಕ್ಲಿಪ್ ಹಾಕಿ ಸೇರಿಸುತ್ತಾರೆ. 20 ಹಲ್ಲಿನ ಪುಲ್ಲಿ ಒಂದು ಸುತ್ತಿಗೆ 40 ಮಿ.ಮೀ. ಬೆಲ್ಟ್ ಎಳೆಯುತ್ತದೆ. 2 ಮಿ.ಮೀ. ಲೀಡಿನಲ್ಲಿ 100 ಮಿ.ಮೀ. ಏರಲು 50 ಸುತ್ತು, ಅಂದರೆ ಎರಡು ಮೀಟರ್ ಬೆಲ್ಟ್ ಓಡಬೇಕು. ಆ ಕ್ಲಿಪ್ ಯಾವುದೋ ಪುಲ್ಲಿಗೆ ಬಂದು ಬಡಿಯುವುದು ಖಂಡಿತ. ಆದ್ದರಿಂದ ಮೊದಲು ಬೆಲ್ಟ್ ಕೊಳ್ಳಿ, ಆಮೇಲೆ ನಕ್ಷೆ ಬರೆಯಿರಿ.

ಬೆಲ್ಟ್ ಪ್ರತಿ ಪುಲ್ಲಿಯ ಕನಿಷ್ಠ ಆರೇಳು ಹಲ್ಲುಗಳನ್ನಾದರೂ ಅಪ್ಪಿರಬೇಕು. ಮೋಟರಿನ ಪುಲ್ಲಿಯಲ್ಲಿ ಇದು ಕಡಿಮೆಯಾಗುವುದೇ ಹೆಚ್ಚು, ಅಲ್ಲಿ ಪಕ್ಕಕ್ಕೊಂದು ಐಡ್ಲರ್ ಕೊಟ್ಟು ಒತ್ತಿ. ಬೆಲ್ಟ್ ಇರುವ ಜಾಗಕ್ಕೆ ಕಿರಣ ತಲುಪಬಾರದು. ಹಲಗೆ ಕತ್ತರಿಸಿ ಕೆಳಗಿಳಿದ ಕಿರಣಕ್ಕೆ ರಬ್ಬರ್ ಸುಡುವಷ್ಟು ಕಸುವು ಇದ್ದೇ ಇರುತ್ತದೆ. ಯಂತ್ರದ ತಳದಲ್ಲಿ ಜಿಐ ಶೀಟಿನ ಒಂದು ತಟ್ಟೆ ಇಟ್ಟು ಬೆಲ್ಟನ್ನು ಅದರ ಕೆಳಗೆ ಓಡಿಸಿ. ತ್ರೀಡಿ ಪ್ರಿಂಟರಿನ ಪಿಎಲ್‌ಎ ಬ್ರಾಕೆಟ್‌ಗಳಿಗೂ ಇದೇ ಮಾತು: ಅವು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತವೆ. ಬೆಡ್ಡಿನ ಭಾರ ಹೊರುವ ಯಾವ ಜಾಗಕ್ಕೂ ಅವು ಬೇಡ. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ತುಂಡಿಗೆ ತೂತು ಹೊಡೆಸಿ ತನ್ನಿ.

ಮೇಲೆ ಏನು ಹಾಸುವುದು?

ಜೇನುಗೂಡಿನಂಥ ಹನಿಕೋಂಬ್ ಹಾಳೆಯೋ, ಅಂಚಿನ ಮೇಲೆ ನಿಲ್ಲಿಸಿದ ಪಟ್ಟಿಗಳೋ ಎಂಬುದು ನೀವು ಕತ್ತರಿಸುವ ವಸ್ತುವನ್ನು ಅವಲಂಬಿಸಿದೆ. ಮದುವೆ ಕಾಗದ, ತೆಳು ಚರ್ಮ, ಸಣ್ಣ ಅಕ್ಷರಗಳಿಗೆ ಹನಿಕೋಂಬ್ ಒಳ್ಳೆಯದು, ಚೂರುಗಳು ಕೆಳಗೆ ಬೀಳುವುದಿಲ್ಲ. ಅಕ್ರಿಲಿಕ್ಕಿಗೆ ಪಟ್ಟಿಯೇ ಮೇಲು. ಮುಟ್ಟುವ ಜಾಗ ಕಡಿಮೆ, ಕೆಳಗಿನಿಂದ ಕಿರಣ ಚಿಮ್ಮಿ ಮೂಡಿಸುವ ಕಲೆಯೂ ಕಡಿಮೆ. ನಾನು ಹೇಳುವುದಾದರೆ 25 × 3 ಮಿ.ಮೀ. ಎಂಎಸ್ ಪಟ್ಟಿ, 25 ಮಿ.ಮೀ.ಗೊಂದರಂತೆ, ಎರಡೂ ಕಡೆ ಬಾಚಣಿಗೆಯಂತೆ ಹಲ್ಲು ಕೊಯ್ದ ತುಂಡುಗಳಲ್ಲಿ ಕೂರಿಸಿದ್ದು. ತುಕ್ಕು ಹಿಡಿಯುತ್ತದೆ, ನಿಜ. ಆದರೆ ಕಬ್ಬಿಣಕ್ಕೆ ಆಯಸ್ಕಾಂತ ಅಂಟುತ್ತದೆ, ಅಲ್ಯೂಮಿನಿಯಮ್ಮಿಗೆ ಅಂಟುವುದಿಲ್ಲ. ಮಳೆಗಾಲದಲ್ಲಿ ಉಬ್ಬಿದ ಎಂಡಿಎಫ್ ಹಲಗೆಯನ್ನು ನಾಲ್ಕಾರು ನಿಯೋಡಿಮಿಯಂ ಬಿಲ್ಲೆಗಳಿಂದ ಬಗ್ಗಿಸಿ ಹಿಡಿಯಬಹುದು. ಬಿಲ್ಲೆ ನಳಿಕೆಗೆ ತಾಗದಷ್ಟು ತೆಳ್ಳಗಿರಲಿ.

ತಳದ ತಟ್ಟೆಯನ್ನು ದಿನವೂ ಗುಡಿಸಿ. ಬೆಂಕಿ ಹೊತ್ತಿಕೊಳ್ಳುವುದು ಸಾಮಾನ್ಯವಾಗಿ ಅಲ್ಲಿ ಬಿದ್ದ ಚೂರುಗಳಿಗೆ. ರೆಕ್ಸಿನ್, ವಿನೈಲ್ ಸ್ಟಿಕ್ಕರ್, ಬೋರ್ಡ್ ಬರೆಯುವವರು ತರುವ ಪಿವಿಸಿ ಸನ್‌ಬೋರ್ಡ್ ಇವನ್ನು ಬೆಡ್ಡಿನ ಮೇಲೆ ಇಡಲೇಬಾರದು; ಪಿವಿಸಿ ಸುಟ್ಟಾಗ ಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶಕ್ಕೂ ಅಪಾಯ, ನೀವು ಕಷ್ಟಪಟ್ಟು ಹೊಂದಿಸಿದ ಸ್ಕ್ರೂ, ಕಂಬಿ, ಬೇರಿಂಗುಗಳಿಗೂ ತುಕ್ಕಿನ ಮನೆ.

ರಸಮಟ್ಟ ಪಕ್ಕಕ್ಕಿಡಿ

ಬೆಡ್ ಕೂರಿಸಿದ ಕೂಡಲೇ ಕೈ ರಸಮಟ್ಟಕ್ಕೆ ಹೋಗುತ್ತದೆ. ಅದರಿಂದ ಪ್ರಯೋಜನವಿಲ್ಲ. ಬೆಡ್ ಭೂಮಿಗೆ ಮಟ್ಟವಾಗಿದ್ದರೇನು, ಓರೆಯಾಗಿದ್ದರೇನು? ಲೆನ್ಸ್ ಓಡಾಡುವ ಸಮತಲಕ್ಕೆ ಅದು ಸಮಾನಾಂತರವಾಗಿರಬೇಕು. ಅಳತೆ ಆಗಬೇಕಾದ್ದು ಲೆನ್ಸಿನ ತಲೆಯಿಂದಲೇ.

ಯಂತ್ರದ ಪ್ಲಗ್ ಕಿತ್ತು, ತಲೆಗೆ ಒಂದು ಡಯಲ್ ಗೇಜ್ ಕಟ್ಟಿ. ಅದಿಲ್ಲದಿದ್ದರೆ ನಳಿಕೆಗೂ ಪಟ್ಟಿಗೂ ನಡುವೆ ಒಂದು ಲೋಹದ ತುಂಡು ಇಟ್ಟು ಫೀಲರ್ ಗೇಜಿನಿಂದ ಸಂದು ಅಳೆಯಿರಿ. ತಲೆಯನ್ನು ಕೈಯಲ್ಲೇ ತಳ್ಳಿ ಮೂರು ಸ್ಕ್ರೂಗಳ ಪಕ್ಕಕ್ಕೂ ಒಯ್ದು ಓದಿಕೊಳ್ಳಿ. ತಗ್ಗಿದ್ದ ಕಡೆ ಬೆಲ್ಟನ್ನು ಸಡಿಲಿಸಿ, ಆ ಪುಲ್ಲಿಯನ್ನು ಹಲ್ಲಿನ ಲೆಕ್ಕದಲ್ಲಿ ತಿರುಗಿಸಿ. 2 ಮಿ.ಮೀ. ಲೀಡು, 20 ಹಲ್ಲು: ಒಂದು ಹಲ್ಲು ದಾಟಿಸಿದರೆ ಸರಿಯಾಗಿ 0.1 ಮಿ.ಮೀ. ಏರುತ್ತದೆ. ಮೂರೂ ಸಮನಾದ ಮೇಲೆ ಬೆಲ್ಟ್ ಬಿಗಿದು ನಾಲ್ಕು ಮೂಲೆ ಮತ್ತು ನಡುವನ್ನು ಅಳೆಯಿರಿ. ಮೂರು ಬಿಂದು ಸರಿಯಿದ್ದೂ ಒಂದು ಮೂಲೆ ತಪ್ಪಾಗಿದ್ದರೆ ತಪ್ಪು ಸ್ಕ್ರೂವಿನದ್ದಲ್ಲ. ಚೌಕಟ್ಟೇ ತಿರುಚಿದೆ, ಇಲ್ಲವೇ ತಲೆ ಓಡಾಡುವ ಗ್ಯಾಂಟ್ರಿಯ ರೈಲುಗಳು ಒಂದೇ ಮಟ್ಟದಲ್ಲಿಲ್ಲ. ಅಂಥ ಸಣ್ಣ ತಪ್ಪನ್ನು ಪಟ್ಟಿಯ ಕೆಳಗೆ ಶಿಮ್ ಕೊಟ್ಟು ಸರಿಮಾಡಿ.

ಕೊನೆಗೆ ಬೆಡ್ಡನ್ನು ತಳಕ್ಕೊಮ್ಮೆ ತುದಿಗೊಮ್ಮೆ ಹತ್ತಾರು ಬಾರಿ ಓಡಿಸಿ ಮತ್ತೆ ಅಳೆಯಿರಿ. ಅಂಕಿಗಳು ಬದಲಾಗದಿದ್ದರೆ ಬೆಡ್ ಸ್ಥಿರ. ಬದಲಾದರೆ ಮೊದಲು ನೋಡಬೇಕಾದ್ದು ಕಾಲರ್ ಮತ್ತು ಪುಲ್ಲಿಯ ಗ್ರಬ್ ಸ್ಕ್ರೂಗಳನ್ನು.

ನಿಜವಾದ ಫೋಕಸ್ ಎತ್ತರ ಕಂಡುಹಿಡಿಯಲು ಓರೆ ಪರೀಕ್ಷೆ ಮಾಡಿ. 100 ಮಿ.ಮೀ. ಉದ್ದದ ಹಲಗೆಯ ಒಂದು ತುದಿಯನ್ನು 20 ಮಿ.ಮೀ. ಎತ್ತರಿಸಿ ಇಟ್ಟು, ಅದರುದ್ದಕ್ಕೂ ಕಡಿಮೆ ಶಕ್ತಿಯಲ್ಲಿ ಒಂದು ಗೆರೆ ಎಳೆಯಿರಿ. ಪ್ರತಿ 5 ಮಿ.ಮೀ. ಉದ್ದಕ್ಕೆ 1 ಮಿ.ಮೀ. ಎತ್ತರ ಬದಲಾಗುತ್ತದೆ. ಗೆರೆ ಅತಿ ತೆಳುವಾದ ಜಾಗವೇ ಫೋಕಸ್. ಕೊರೆಯುವಾಗ ಅದನ್ನು ವಸ್ತುವಿನ ಮೇಲ್ಮೈಗೆ ಇಡಿ. ದಪ್ಪ ಅಕ್ರಿಲಿಕ್ ಕತ್ತರಿಸುವಾಗ ದಪ್ಪದ ನಡುವಿಗೆ ಇಳಿಸಿ.

ಮೋಟರ್ ಹಾಕುವುದಾದರೆ ಲೆಕ್ಕ ಸರಳ: ಸುತ್ತಿಗೆ 200 ಹೆಜ್ಜೆ, 16 ಪಟ್ಟು ಮೈಕ್ರೋಸ್ಟೆಪ್, ಭಾಗಿಸು 2 ಎಂದರೆ ಮಿಲಿಮೀಟರಿಗೆ 1600 ಹೆಜ್ಜೆ. ಜಿಆರ್‌ಬಿಎಲ್ ಕಂಟ್ರೋಲರಿನಲ್ಲಿ ಇದನ್ನು 102ನೆಯ ಸೆಟ್ಟಿಂಗಿಗೆ ಕೊಡಬೇಕು. ವೇಗ ಸೆಕೆಂಡಿಗೆ 5 ಮಿ.ಮೀ. ಸಾಕು, ತಳದಿಂದ ತುದಿಗೆ ಇಪ್ಪತ್ತು ಸೆಕೆಂಡು. ಲಿಮಿಟ್ ಸ್ವಿಚ್ ಎರಡೂ ತುದಿಗೆ ಇರಲಿ. ಮೇಲಿನದನ್ನು ಸಾಫ್ಟ್‌ವೇರ್ ನಂಬಿ ಬಿಡಬೇಡಿ, ಏಕೆಂದರೆ ಅದು ತಪ್ಪಿದರೆ ಬೆಡ್ಡಿನ ಮೇಲಿನ ಪೆಟ್ಟಿಗೆ ಹೋಗಿ ಗುದ್ದುವುದು ಲೆನ್ಸಿಗೆ.

ಒಂದು ವೈರ್ ಮರೆಯಬೇಡಿ. ಗಾಜಿನ ಟ್ಯೂಬಿಗೆ ಹೋಗುವುದು ಹತ್ತು ಸಾವಿರ ವೋಲ್ಟ್ ಮೀರಿದ ವಿದ್ಯುತ್. ನಮ್ಮ ಬೆಡ್ ಡೆಲ್ರಿನ್ ತುಂಡು, ರಬ್ಬರ್ ಬೆಲ್ಟ್, ಲೂಬ್ರಿಕಂಟ್ ಹಚ್ಚಿದ ನಟ್ಟುಗಳ ಮೇಲೆ ತೇಲುತ್ತಿರುವುದರಿಂದ ಅದಕ್ಕೆ ಅರ್ಥಿಂಗ್ ಇದೆ ಎಂದು ನಂಬುವಂತಿಲ್ಲ. ಬೆಡ್ಡಿನ ಚೌಕಟ್ಟಿನಿಂದ ಯಂತ್ರದ ಅರ್ಥ್ ಬೋಲ್ಟಿಗೆ ಬಾಗುವ, ಏರಿಳಿತಕ್ಕೆ ಸಾಕಷ್ಟು ಉದ್ದವಿರುವ ಹಸಿರು ತಂತಿ ಎಳೆದು, ಮಲ್ಟಿಮೀಟರಿನಲ್ಲಿ ತಳ, ನಡು, ತುದಿ ಮೂರೂ ಎತ್ತರದಲ್ಲಿ ಪರೀಕ್ಷಿಸಿ.

ಸ್ಕ್ರೂಗಳಿಗೆ ದಪ್ಪ ಗ್ರೀಸ್ ಬೇಡ. ಎಂಡಿಎಫ್ ಹೊಗೆಯ ಅಂಟು ಅದಕ್ಕೆ ಮೆತ್ತಿಕೊಂಡು ಉಪ್ಪುಕಾಗದದಂತೆ ನಟ್ ಸವೆಸುತ್ತದೆ. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಒರೆಸಿ, ಟೆಫ್ಲಾನ್ ಇರುವ ಒಣ ಲೂಬ್ರಿಕಂಟ್ ತೆಳುವಾಗಿ ಹಚ್ಚಿ. ಕರಾವಳಿಯವರು ಜೂನ್ ಬಂದ ಮೇಲೆ ಇದನ್ನು ಹದಿನೈದು ದಿನಕ್ಕೊಮ್ಮೆ ಮಾಡಬೇಕು, ಕಂಬಿಗಳಿಗೂ ಸೇರಿಸಿ.